ಹೊಲದ ಸೆನ್ಸರ್‌ಗಳಿಗೆ ಮೆಶ್ ಬೇಕಾ, ಸ್ಟಾರ್ ಸಾಕಾ?

ಪ್ರಶ್ನೆ: ಸರ್, ನಮ್ಮದು ರಾಣೆಬೆನ್ನೂರು ತಾಲೂಕಿನ ಒಂದು ಹಳ್ಳಿ. ಒಟ್ಟು 18 ಎಕರೆ. ಮನೆ ಹತ್ತಿರ 11 ಎಕರೆ, ಹಳ್ಳದ ಆಚೆ 7 ಎಕರೆ. ನಡುವೆ ಸುಮಾರು 900 ಮೀಟರ್ ಅಂತರ. ಎರಡೂ ಕಡೆ ಒಂದೊಂದು ಬೋರ್‌ವೆಲ್ ಇದೆ. ಬ್ಯಾಡಗಿ ಮೆಣಸಿನಕಾಯಿಗೆ ಡ್ರಿಪ್ ಹಾಕಿದ್ದೇವೆ. ಉಳಿದದ್ದು ಗೋವಿನಜೋಳ, ಹತ್ತಿ. 12 ಕಡೆ ಮಣ್ಣಿನ ತೇವ ನೋಡುವ ಸೆನ್ಸರ್, 6 ವಾಲ್ವ್, ಎರಡು ಮೋಟಾರ್, ಇಷ್ಟನ್ನು ಫೋನಿನಲ್ಲೇ ನೋಡಿ ನಡೆಸಬೇಕು ಅಂತ ಆಸೆ. ಹುಬ್ಬಳ್ಳಿಯ ಒಬ್ಬ ಮಾರಾಟಗಾರರು ಝಿಗ್ಬೀ ಮೆಶ್ ಹಾಕಿಸಿ ಅಂತಾರೆ. ‘ಒಂದು ಡಬ್ಬಿ ಕೆಟ್ಟರೂ ಉಳಿದವು ಬೇರೆ ದಾರಿ ಹುಡುಕಿಕೊಳ್ಳುತ್ತವೆ, ಸ್ಟಾರ್‌ನಲ್ಲಿ ನಡುವಿನದು ಹೋದರೆ ಎಲ್ಲಾ ಹೋಯ್ತು’ ಅನ್ನೋದು ಅವರ ಮಾತು. ಎಂಜಿನಿಯರಿಂಗ್ ಓದುತ್ತಿರುವ ನಮ್ಮ ಅಕ್ಕನ ಮಗ ‘ಲೋರಾ ಸ್ಟಾರ್ ಹಾಕು ಮಾವ, 15 ಕಿಲೋಮೀಟರ್ ಹೋಗುತ್ತೆ’ ಅಂತಾನೆ. ಇನ್ನೊಬ್ಬರು ವೈರ್ ಎಳೆಯಿರಿ, ಅದೇ ಗಟ್ಟಿ ಅಂತಾರೆ. ನಮ್ಮಪ್ಪ ಮಾತ್ರ ‘ಮೊಬೈಲ್ ಸ್ಟಾರ್ಟರ್ ಐತಲ್ಲ, ಮತ್ತ್ಯಾಕ ಬೇಕು ಇದೆಲ್ಲಾ’ ಅಂತಾರೆ. ದುಡ್ಡು ಹಾಕಿ ಕೈ ಸುಟ್ಟುಕೊಳ್ಳೋದು ಬೇಡ. ಯಾವುದು ಸರಿ?

ಉತ್ತರ: ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ನಾಲ್ಕು ಜನ ನಾಲ್ಕು ಮಾತು ಹೇಳಿದ್ದಾರೆ, ನಾಲ್ಕರಲ್ಲೂ ಸ್ವಲ್ಪ ಸತ್ಯ ಇದೆ. ಆದರೆ ನಿಮ್ಮ ಹೊಲದಲ್ಲಿ ಕರೆಂಟ್ ಎಷ್ಟು ಹೊತ್ತು ಇರುತ್ತದೆ ಅಂತ ಯಾರೂ ಕೇಳಿಲ್ಲ. ನಾನಾಗಿದ್ದರೆ ಮೊದಲು ಅದನ್ನೇ ಕೇಳುತ್ತಿದ್ದೆ.

ಹೆಸರುಗಳನ್ನು ಮೊದಲು ಬಿಡಿಸಿಕೊಳ್ಳೋಣ. ಝಿಗ್ಬೀ, ಲೋರಾ ಎರಡೂ ವೈರ್ ಇಲ್ಲದೆ ಸುದ್ದಿ ಕಳಿಸುವ ರೇಡಿಯೋ ಪದ್ಧತಿಗಳು, ಝಿಗ್ಬೀ ಹತ್ತಿರಕ್ಕೆ, ಲೋರಾ ದೂರಕ್ಕೆ. ಸ್ಟಾರ್ ಅಂದರೆ ಹುಬ್ಬಳ್ಳಿಯ ಸಿಟಿ ಬಸ್ ನಿಲ್ದಾಣ ಸಿಬಿಟಿ ಇದ್ದಂತೆ. ಊರಿನ ಬೇರೆ ಬೇರೆ ಮೂಲೆಯಿಂದ ಹೊರಟ ಸಿಟಿ ಬಸ್ಸುಗಳು ಅಲ್ಲಿಗೆ ಬರುತ್ತವೆ. ಹಾಗೆ ಪ್ರತಿ ಸೆನ್ಸರ್ ನೇರವಾಗಿ ಒಂದೇ ಗೇಟ್‌ವೇ, ಅಂದರೆ ಎಲ್ಲರ ಸುದ್ದಿ ಕೂಡಿಸಿ ಮುಂದೆ ಕಳಿಸುವ ನಡುವಿನ ಡಬ್ಬಿ, ಜೊತೆ ಮಾತಾಡುತ್ತದೆ, ಅಕ್ಕಪಕ್ಕದ ಸೆನ್ಸರ್ ಜೊತೆ ಅದಕ್ಕೆ ಮಾತೇ ಇಲ್ಲ. ಮೆಶ್ ಅಂದರೆ ಕಣದಲ್ಲಿ ಸಾಲಾಗಿ ನಿಂತು ಬುಟ್ಟಿಯನ್ನು ಕೈಯಿಂದ ಕೈಗೆ ದಾಟಿಸಿದಂತೆ. ದೂರದ ಸೆನ್ಸರ್‌ನ ಸುದ್ದಿಯನ್ನು ನಡುವಿನವು ಇಸಕೊಂಡು ಮುಂದೆ ಸಾಗಿಸುತ್ತವೆ. ವೈರ್ ಎಳೆದರೆ ಆಗುವುದು ಒಂದೇ ರಸ್ತೆಯ ಮೇಲೆ ಸಾಲು ಹಳ್ಳಿಗಳಿದ್ದಂತೆ. ನಡುವೆ ರಸ್ತೆ ಕಡಿದರೆ ಆಚೆಯ ಹಳ್ಳಿಗಳಿಗೆ ಸಂಪರ್ಕ ಇಲ್ಲ.

ಮಾರಾಟಗಾರರು ಹೇಳಿದ ‘ಬೇರೆ ದಾರಿ ಹುಡುಕಿಕೊಳ್ಳುತ್ತವೆ’ ಅನ್ನೋದು ಸುಳ್ಳಲ್ಲ, ಆದರೆ ಅರ್ಧ ಮಾತು. ಬುಟ್ಟಿ ದಾಟಿಸಬೇಕಾದರೆ ಪಕ್ಕದವನು ಎಚ್ಚರ ಇರಬೇಕಲ್ವಾ? ಝಿಗ್ಬೀಯಲ್ಲಿ ಎಲ್ಲ ಡಬ್ಬಿಗಳೂ ಸುದ್ದಿ ದಾಟಿಸುವುದಿಲ್ಲ. ರೂಟರ್ ಅನ್ನಿಸಿಕೊಂಡವು ಮಾತ್ರ ದಾಟಿಸುತ್ತವೆ, ಅವು ದಿನದ 24 ಗಂಟೆಯೂ ಕಿವಿ ತೆರೆದು ಕೂತಿರಬೇಕು. ಬ್ಯಾಟರಿ ಮೇಲೆ ನಡೆಯುವ ಸೆನ್ಸರ್‌ಗಳು ಹೆಚ್ಚು ಹೊತ್ತು ನಿದ್ದೆ ಮಾಡುತ್ತವೆ, ಎದ್ದು ತಮ್ಮ ಸುದ್ದಿ ಹೇಳಿ ಮತ್ತೆ ಮಲಗುತ್ತವೆ. ಅವು ಯಾರದನ್ನೂ ದಾಟಿಸುವುದಿಲ್ಲ. ಹಾಗಾಗಿ ಸೆನ್ಸರ್ ಜಾಸ್ತಿ ಹಾಕಿದಷ್ಟೂ ಮೆಶ್ ಗಟ್ಟಿಯಾಗುತ್ತದೆ ಅನ್ನುವುದು ತಪ್ಪು ತಿಳಿವಳಿಕೆ.

ಲೆಕ್ಕ ಹಾಕಿ ನೋಡಿ. ಕಿವಿ ತೆರೆದು ಕೂತ ರೇಡಿಯೋ ಸುಮಾರು 20 ಮಿಲಿಆಂಪ್ ಎಳೆಯುತ್ತದೆ ಅಂತ ಇಟ್ಟುಕೊಳ್ಳಿ. ಬ್ಯಾಟರಿ 2,400 ಮಿಲಿಆಂಪ್-ಅವರ್‌ನದು. 120 ಗಂಟೆಗೆ ಖಾಲಿ, ಅಂದರೆ ಐದು ದಿನ. ಅದೇ ಬ್ಯಾಟರಿಯನ್ನು ಅರ್ಧ ಗಂಟೆಗೊಮ್ಮೆ ಎದ್ದು, ಮಣ್ಣು ನೋಡಿ, ಒಂದು ಸುದ್ದಿ ಕಳಿಸಿ ಮಲಗುವ ಸೆನ್ಸರ್‌ಗೆ ಹಾಕಿ. ದಿನಕ್ಕೆ ಹೆಚ್ಚೂಕಮ್ಮಿ ಒಂದು ಮಿಲಿಆಂಪ್-ಅವರ್ ಖರ್ಚು. ಕಾಗದದ ಮೇಲೆ ಆರು ವರ್ಷ. ಬಿಸಿಲು, ತೇವ, ಬ್ಯಾಟರಿ ತಾನಾಗಿ ಸೋರುವುದು ಎಲ್ಲ ಕಳೆದು ಮೂರು ವರ್ಷ ಬಂದರೂ ನನಗೆ ಖುಷಿ. ಒಂದು ಕಡೆ ಐದು ದಿನ, ಇನ್ನೊಂದು ಕಡೆ ಮೂರು ವರ್ಷ. ನಿಮ್ಮ ಪ್ರಶ್ನೆಯ ಮುಕ್ಕಾಲು ಭಾಗ ಇಲ್ಲೇ ಬಗೆಹರಿಯುತ್ತದೆ.

ಹಾಗಾದರೆ ರೂಟರ್‌ಗಳಿಗೆ ಬ್ಯಾಟರಿ ಬೇಡ, ಪಂಪ್‌ಸೆಟ್ ಲೈನಿನಿಂದಲೇ ಕರೆಂಟ್ ಕೊಡೋಣ ಅಂತ ನಿಮಗೆ ಹೇಳಬಹುದು. ಹೆಸ್ಕಾಂ ಪಂಪ್‌ಸೆಟ್‌ಗಳಿಗೆ ತ್ರೀಫೇಸ್ ಕೊಡುವುದು ದಿನಕ್ಕೆ 7 ಗಂಟೆಯ ಲೆಕ್ಕದಲ್ಲಿ. ಆ ಲೈನಿಗೆ ರೂಟರ್ ಕಟ್ಟಿದರೆ ಉಳಿದ 17 ಗಂಟೆ ನಿಮ್ಮ ಮೆಶ್ ಸತ್ತಿರುತ್ತದೆ. ಕರೆಂಟ್ ಬಂದಾಗ ಎಲ್ಲ ರೂಟರ್‌ಗಳೂ ಒಟ್ಟಿಗೆ ಏಳುತ್ತವೆ, ಯಾರ ಪಕ್ಕ ಯಾರು ಅಂತ ಮತ್ತೆ ಗುರುತು ಹಿಡಿಯಬೇಕು. ಅಷ್ಟರಲ್ಲಿ ಮಲಗಿದ್ದ ಸೆನ್ಸರ್‌ಗಳು ತಮ್ಮ ಹಳೆಯ ದಾರಿ ಹುಡುಕಿ ಹುಡುಕಿ ಬ್ಯಾಟರಿ ಸುಟ್ಟುಕೊಂಡಿರುತ್ತವೆ. ಪ್ರತಿ ರೂಟರ್‌ಗೂ ಒಂದು ಸೋಲಾರ್ ಪ್ಲೇಟು, ಒಂದು ಬ್ಯಾಟರಿ ಕೊಡಬಹುದು, ಆಗುತ್ತದೆ. ಆದರೆ ನಿಮ್ಮ ಹೊಲದ ನಡುವೆ ಹತ್ತು ಕಡೆ ಪ್ಲೇಟು ಕಾಯುವವರು ಯಾರು?

ಮೆಶ್‌ನ ಇನ್ನೊಂದು ಗುಣ ನನಗೆ ಅನುಭವದಿಂದ ಗೊತ್ತಾದದ್ದು. ಕೆಲವು ವರ್ಷದ ಹಿಂದೆ ಹಾವೇರಿ ಕಡೆಯ ಒಂದು ಗೋವಿನಜೋಳದ ಹೊಲದಲ್ಲಿ ನಾನೇ ನಿಂತು 2.4 ಗಿಗಾಹರ್ಟ್ಸ್‌ನ ಮೆಶ್ ಹಾಕಿಸಿದ್ದೆ. ಜೂನ್‌ನಲ್ಲಿ ಬಿತ್ತಿದ ಹೊಸದರಲ್ಲಿ ಎಲ್ಲ ಚೆನ್ನಾಗಿತ್ತು. ಡಬ್ಬಿಗಳನ್ನು ಮೊಣಕಾಲೆತ್ತರದ ಗೂಟಕ್ಕೆ ಕಟ್ಟಿದ್ದೆವು, 70 ಮೀಟರ್‌ಗೊಂದು. ಆಗಸ್ಟ್ ಹೊತ್ತಿಗೆ ಬೆಳೆ ಏಳಡಿ ಎದ್ದಿತು, ಒಂದೊಂದಾಗಿ ಸೆನ್ಸರ್‌ಗಳು ಸುಮ್ಮನಾದವು. ಹಸಿ ಎಲೆಯಲ್ಲಿರುವುದು ನೀರು. ನೀರು ಆ ಅಲೆಗಳನ್ನು ಕುಡಿದುಬಿಡುತ್ತದೆ, ಫ್ರೀಕ್ವೆನ್ಸಿ ಮೇಲೇರಿದಷ್ಟೂ ಜಾಸ್ತಿ ಕುಡಿಯುತ್ತದೆ. ಒಂದು ರೂಟರ್ ಮರೆಯಾದರೆ ಪಕ್ಕದ್ದು ದಾರಿ ಕೊಡಬೇಕಿತ್ತು, ಆದರೆ ಅದೂ ಅದೇ ಬೆಳೆಯೊಳಗೇ ಇತ್ತು. ಒಂದೇ ಕಾರಣಕ್ಕೆ ಎಲ್ಲವೂ ಒಟ್ಟಿಗೆ ಬೀಳುವ ಜಾಗದಲ್ಲಿ ‘ಬೇರೆ ದಾರಿ’ ಅನ್ನೋದು ಇರುವುದಿಲ್ಲ. ಆ ರೈತರ ಹಣ ಹಾಳಾಯಿತಲ್ಲ ಅನ್ನುವ ಬೇಸರ ನನಗೆ ಇನ್ನೂ ಇದೆ. ಅದಕ್ಕೇ ನಿಮಗೆ ಇಷ್ಟು ಬಿಡಿಸಿ ಹೇಳುತ್ತಿದ್ದೇನೆ.

ಇನ್ನು ನಿಮ್ಮ ಹಳ್ಳದ ಆಚೆಯ 7 ಎಕರೆ. ಸಾಮಾನ್ಯ ಝಿಗ್ಬೀ ಡಬ್ಬಿ ಬಯಲಿನಲ್ಲಿ 80 ಮೀಟರ್ ಮುಟ್ಟುತ್ತದೆ ಅಂದುಕೊಂಡರೂ 900 ಮೀಟರ್ ದಾಟಲು ಸಾಲಾಗಿ ಹನ್ನೊಂದು ಕಂಬ ಬೇಕು. ಆ ಸಾಲಿನಲ್ಲಿ ಒಂದು ಹೋದರೂ ಆಚೆಯ ಹೊಲ ಹೋಯ್ತು. ಸಾಲು ಕಂಬ ಮೆಶ್ ಅಲ್ಲ, ಸರಪಳಿ.

ಮೆಶ್ ಕೆಟ್ಟದ್ದು ಅಂತ ಅಲ್ಲ. ಧಾರವಾಡದ ನನ್ನ ಮನೆಯಲ್ಲಿ ಬಲ್ಬು, ಪ್ಲಗ್ಗು ಎಲ್ಲ ಝಿಗ್ಬೀ ಮೆಶ್ ಮೇಲೇ ಇವೆ. ಅಲ್ಲಿ ಪ್ರತಿ ಕೋಣೆಯಲ್ಲೂ ಸದಾ ಕರೆಂಟ್ ಇರುವ ಪ್ಲಗ್ ಇದೆ, ಗೋಡೆ ಅಡ್ಡ ಬಂದರೂ ಪಕ್ಕದ ಕೋಣೆಯ ಪ್ಲಗ್ ಸುದ್ದಿ ದಾಟಿಸುತ್ತದೆ. ದೊಡ್ಡ ಅಂಗಡಿ, ಗೋದಾಮು, ಕಾರ್ಖಾನೆಯ ಶೆಡ್ಡಿಗೂ ನಾನು ಅದನ್ನೇ ಹೇಳುತ್ತೇನೆ. ಹೊಲಕ್ಕೆ ಹೇಳುವುದಿಲ್ಲ, ಅಷ್ಟೇ.

ಈಗ ನಿಮ್ಮ ಅಕ್ಕನ ಮಗನ ಮಾತಿಗೆ ಬರೋಣ. ದಾರಿ ಸರಿಯಾದದ್ದೇ. ಆ 15 ಕಿಲೋಮೀಟರ್ ಮಾತ್ರ ಬಿಟ್ಟುಬಿಡಿ. ಅದು ಎತ್ತರದ ಗುಡ್ಡದ ಮೇಲೆ ಆಂಟೆನಾ ಇಟ್ಟು, ನಡುವೆ ಏನೂ ಅಡ್ಡ ಇಲ್ಲದಾಗ ಬರುವ ಸಂಖ್ಯೆ. ರೇಡಿಯೋ ಅಲೆ ದಾರದಂತೆ ತೆಳ್ಳಗೆ ನೇರ ಹೋಗುವುದಿಲ್ಲ. ನಡುವೆ ಉಬ್ಬಿದ ಸೌತೆಕಾಯಿಯ ಆಕಾರದ ಜಾಗ ಅದಕ್ಕೆ ಬೇಕು. ಇದಕ್ಕೆ ಫ್ರೆನೆಲ್ ವಲಯ ಅಂತಾರೆ. ಲೋರಾ ನಮ್ಮಲ್ಲಿ ಬಳಸುವ 866 ಮೆಗಾಹರ್ಟ್ಸ್ ಸುತ್ತಮುತ್ತ, ಒಂದು ಕಿಲೋಮೀಟರ್ ದೂರಕ್ಕೆ ಆ ಉಬ್ಬಿನ ಅರ್ಧ ದಪ್ಪ ನಡುವಿನಲ್ಲಿ ಸುಮಾರು 9 ಮೀಟರ್. ಅದರಲ್ಲಿ ಐದಾರು ಮೀಟರ್ ಆದರೂ ಖಾಲಿ ಇದ್ದರೆ ಸಿಗ್ನಲ್ ಸಲೀಸಾಗಿ ಹೋಗುತ್ತದೆ. ಅದಕ್ಕಿಂತ ಕಡಿಮೆಯಾದರೆ ಸಾಯುವುದಿಲ್ಲ, ಸೊರಗುತ್ತದೆ.

ಆದ್ದರಿಂದ ಗೇಟ್‌ವೇ ಡಬ್ಬಿಗಿಂತ ಅದರ ಕಂಬದ ಮೇಲೆ ದುಡ್ಡು ಹಾಕಿ. ನಿಮ್ಮ ಮನೆಯ ಮಾಳಿಗೆ ಮೇಲೆ ಪೈಪು ನಿಲ್ಲಿಸಿ ಆಂಟೆನಾ ನೆಲದಿಂದ 9–10 ಮೀಟರ್ ಏರಿದರೆ ಒಳ್ಳೆಯದು. ಸೆನ್ಸರ್ ಮಣ್ಣಲ್ಲೇ ಇರಲಿ, ಅದರ ಆಂಟೆನಾ ಮಾತ್ರ ಗೋವಿನಜೋಳದ ತುದಿಗಿಂತ ಮೇಲೆ, ಮೂರು ಮೀಟರ್ ಜಿಐ ಪೈಪಿನ ತಲೆಯ ಮೇಲೆ ಇರಲಿ. ಮೆಣಸಿನಕಾಯಿ ಹೊಲದಲ್ಲಿ ಇಷ್ಟು ಎತ್ತರ ಬೇಡ. ಆದರೆ ಮುಂದಿನ ವರ್ಷ ಅದೇ ಹೊಲಕ್ಕೆ ನೀವು ಏನು ಬಿತ್ತುತ್ತೀರಿ ಅಂತ ಈಗಲೇ ಯೋಚಿಸಿ ಪೈಪ್ ತನ್ನಿ.

ಎತ್ತರದಿಂದ ಬ್ಯಾಟರಿಗೂ ಲಾಭ ಇದೆ. ಸಿಗ್ನಲ್ ಚೆನ್ನಾಗಿದ್ದರೆ ಲೋರಾ ಒಂದು ಸಣ್ಣ ಸುದ್ದಿಯನ್ನು 50–60 ಮಿಲಿಸೆಕೆಂಡಿನಲ್ಲಿ ಹೇಳಿ ಮುಗಿಸುತ್ತದೆ. ಸಿಗ್ನಲ್ ಸೊರಗಿದರೆ ನಿಧಾನವಾಗಿ ಎಳೆದು ಎಳೆದು ಹೇಳುತ್ತದೆ, ಅದೇ ಸುದ್ದಿಗೆ ಒಂದು ಸೆಕೆಂಡಿಗಿಂತ ಜಾಸ್ತಿ ಹಿಡಿಯುತ್ತದೆ. ಮಾತಾಡುವ ಖರ್ಚು ಇಪ್ಪತ್ತು ಪಟ್ಟಿಗೂ ಹೆಚ್ಚು. ಕಳಪೆ ಕಂಬದ ಬೆಲೆಯನ್ನು ಬ್ಯಾಟರಿ ಕೊಡುತ್ತದೆ.

ಕೊಳ್ಳುವಾಗ ಒಂದು ಎಚ್ಚರ. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ ಎಷ್ಟೋ ಲೋರಾ ಬೋರ್ಡುಗಳು 915 ಮೆಗಾಹರ್ಟ್ಸ್‌ನವು. ಅದು ಅಮೆರಿಕದ ಲೆಕ್ಕ. ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಬಳಸಬಹುದಾದದ್ದು 865ರಿಂದ ಶುರುವಾಗುವ ಸಣ್ಣ ಪಟ್ಟಿ. ಬಿಲ್ಲಿನ ಮೇಲೆ ಅದನ್ನು ಬರೆಸಿಕೊಳ್ಳಿ.

‘ನಡುವಿನದು ಹೋದರೆ ಎಲ್ಲಾ ಹೋಯ್ತು’ ಅನ್ನುವ ಮಾತು ನಿಜ. ಸ್ಟಾರ್‌ನ ದೊಡ್ಡ ಅಪಾಯ ಇದೇ. ಆದರೆ ನೋಡಿ, ಕೆಡಬಹುದಾದ ಜಾಗ ಒಂದೇ ಅಂದರೆ ಕಾಯಬೇಕಾದ ಜಾಗವೂ ಒಂದೇ. ಅದು ನಿಮ್ಮ ಮನೆಯ ಮೇಲೇ ಇದೆ. ಗೇಟ್‌ವೇ ಸುಮಾರು 5 ವ್ಯಾಟ್ ತಿನ್ನುತ್ತದೆ, ದಿನಕ್ಕೆ 120 ವ್ಯಾಟ್-ಅವರ್. 12 ವೋಲ್ಟಿನ 40 ಆಂಪ್-ಅವರ್ ಬ್ಯಾಟರಿ ಇಟ್ಟರೆ, ಅದನ್ನು ಅರ್ಧದವರೆಗೆ ಮಾತ್ರ ಇಳಿಸಿದರೂ ಎರಡು ದಿನ ತಡೆಯುತ್ತದೆ. ಜುಲೈ ತಿಂಗಳ ಜಿಟಿಜಿಟಿ ಮಳೆಗೂ ಸಾಲುವಂತೆ 100 ವ್ಯಾಟ್‌ನ ಪ್ಲೇಟು ಹಾಕಿ. ಬಿಸಿಲು ದಿನಕ್ಕೆ ಎರಡೂವರೆ ಗಂಟೆಯಷ್ಟೇ ಚೆನ್ನಾಗಿ ಬಿದ್ದರೂ ಖರ್ಚು ಹುಟ್ಟುತ್ತದೆ. ಕಂಬಕ್ಕೆ ಅರ್ಥಿಂಗ್, ಆಂಟೆನಾ ಕೇಬಲ್ಲಿಗೆ ಸಿಡಿಲು ತಡೆಯುವ ಅರೆಸ್ಟರ್ ಕಡ್ಡಾಯ. ಏಪ್ರಿಲ್–ಮೇ ತಿಂಗಳ ಅಡ್ಡಮಳೆ ನಿಮಗೆ ಗೊತ್ತೇ ಇದೆ.

ಲೋರಾ ರೇಡಿಯೋ ಮೇಲೆ ನಡೆಯುವ ಲೋರಾವಾನ್ ಅನ್ನುವ ಜಾಲ ಪದ್ಧತಿಯಲ್ಲಿ ಇನ್ನೊಂದು ಅನುಕೂಲ ಇದೆ. ಸೆನ್ಸರ್ ಇಂಥದ್ದೇ ಗೇಟ್‌ವೇಗೆ ಕಟ್ಟುಬಿದ್ದಿರುವುದಿಲ್ಲ. ಅದು ಕೂಗುತ್ತದೆ, ಕೇಳಿಸಿದ ಗೇಟ್‌ವೇ ಯಾವುದಾದರೂ ಎತ್ತಿಕೊಳ್ಳುತ್ತದೆ. ಮುಂದೆ ದುಡ್ಡು ಕೂಡಿದಾಗ ಹಳ್ಳದ ಆಚೆಯ ಪಂಪ್‌ಮನೆ ಮೇಲೆ ಎರಡನೆಯ ಗೇಟ್‌ವೇ ಇಟ್ಟರೆ ‘ನಡುವಿನದು ಹೋದರೆ’ ಅನ್ನುವ ಭಯವೂ ಕಡಿಮೆಯಾಗುತ್ತದೆ. ಸೆನ್ಸರ್‌ಗಳಿಗೆ ಏನೂ ಬದಲಾಯಿಸಬೇಕಿಲ್ಲ.

ಒಂದು ಮಾತು ಮಾರಾಟಗಾರರನ್ನು ಕೇಳಲೇಬೇಕು. ಇಂಟರ್ನೆಟ್ ಹೋದರೆ ಏನಾಗುತ್ತದೆ? ಎಷ್ಟೋ ಕಡೆ ಗೇಟ್‌ವೇ ಬರೀ ಅಂಚೆಯವನು. ಯೋಚನೆ ಮಾಡುವುದು ಎಲ್ಲೋ ದೂರದ ಸರ್ವರ್. ವಾಲ್ವ್ ಇರುವುದು ನಿಮ್ಮ ಕಣ್ಣೆದುರು, ಅದಕ್ಕೆ ಹೋಗುವ ಆದೇಶ ಮಾತ್ರ ದೇಶ ಸುತ್ತಿ ಬರುತ್ತದೆ. ಹಾಗಿದ್ದರೆ ನಿಮ್ಮ ಸ್ಟಾರ್‌ನ ನಿಜವಾದ ನಡು ನಿಮ್ಮ ಮನೆಯ ಮೇಲಿಲ್ಲ. ಸರ್ವರ್ ಕೆಲಸವನ್ನೂ ಒಳಗೇ ಮಾಡುವ ಗೇಟ್‌ವೇಗಳು ಸಿಗುತ್ತವೆ. ಸ್ವಲ್ಪ ಜಾಸ್ತಿ ಕೊಟ್ಟಾದರೂ ಅಂಥದ್ದನ್ನೇ ತೆಗೆದುಕೊಳ್ಳಿ.

ವೈರ್ ಎಳೆಯುವ ಸಲಹೆ ಪಂಪ್‌ಮನೆಯ ಒಳಗೆ ನೂರಕ್ಕೆ ನೂರು ಸರಿ. ಸ್ಟಾರ್ಟರ್, ವೋಲ್ಟೇಜ್ ಮೀಟರ್, ನೀರಿನ ಮೀಟರ್ ಎಲ್ಲವನ್ನೂ ಆರ್‌ಎಸ್-485 ಅನ್ನುವ ಎರಡೆಳೆಯ ಕೇಬಲ್ಲಿನಲ್ಲಿ ಪೋಣಿಸಿ. ಕಾಗದದ ಮೇಲೆ ಅದು 1,200 ಮೀಟರ್‌ವರೆಗೂ ಹೋಗುತ್ತದೆ. ಒಂದರಿಂದ ಇನ್ನೊಂದಕ್ಕೆ ಸಾಲಾಗಿ ಎಳೆಯಬೇಕು, ನಡುವಿನಿಂದ ನಾಲ್ಕು ಕಡೆ ಕವಲು ಬಿಡಬಾರದು. ಎರಡೂ ತುದಿಗೆ 120 ಓಮ್‌ನ ರೆಸಿಸ್ಟರ್ ಬೇಕು. ಹೊಲದೊಳಗೆ ಮಾತ್ರ ಬೇಡ. ರೋಟವೇಟರ್ ಕಡಿಯುತ್ತದೆ, ಇಲಿ ಕಡಿಯುತ್ತದೆ, ಉದ್ದ ತಾಮ್ರದ ಎಳೆ ಸಿಡಿಲಿನ ಹೊಡೆತವನ್ನು ನೇರ ಡಬ್ಬಿಯೊಳಗೆ ತರುತ್ತದೆ.

ನಿಮ್ಮ ತಂದೆಯವರ ಮಾತು ನನಗೆ ಎಲ್ಲಕ್ಕಿಂತ ಇಷ್ಟವಾಯಿತು. ಮೊಬೈಲ್ ಸ್ಟಾರ್ಟರ್ ಕೂಡ ಸ್ಟಾರ್ ಜಾಲವೇ, ಅದರ ನಡು ಮೊಬೈಲ್ ಟವರ್. ಎರಡು ಮೋಟಾರ್ ಅಷ್ಟೇ ನಡೆಸಬೇಕಿದ್ದರೆ ಅದೇ ಸಾಕು, ಬೇರೆ ಜಾಲವೇ ಬೇಡ. ಸೆನ್ಸರ್‌ಗೂ ಒಂದೊಂದು ಸಿಮ್ ಹಾಕಲು ಹೋದರೆ ಕಷ್ಟ. 12 ಸಿಮ್, 12 ರೀಚಾರ್ಜ್, ಒಂದು ಮರೆತರೂ ಒಂದು ಮೂಲೆ ಕುರುಡು. ಹಳೆಯ ಸ್ಟಾರ್ಟರ್‌ಗಳಲ್ಲಿ 2ಜಿ ಮಾಡ್ಯೂಲ್ ಇರುತ್ತದೆ, ಅದರಲ್ಲಿ ಜಿಯೋ ಸಿಮ್ ನಡೆಯುವುದಿಲ್ಲ. ಹೊಸದು ಕೊಳ್ಳುವುದಾದರೆ 4ಜಿಯದೇ ಕೇಳಿ.

ಈಗ ಅಪಾಯದ ವಿಷಯ. ಇದನ್ನು ನಿಧಾನವಾಗಿ ಓದಿ. ಸೆನ್ಸರ್ ಒಂದು ದಿನ ಸುಮ್ಮನಾದರೆ ಬೆಳೆ ಸಾಯುವುದಿಲ್ಲ. ಮೋಟಾರ್‌ಗೆ ನಿಲ್ಲು ಅನ್ನುವ ಆದೇಶ ಮುಟ್ಟದಿದ್ದರೆ ಮೋಟಾರ್ ಸುಡುತ್ತದೆ, ಇಲ್ಲವೇ ಪೈಪ್ ಒಡೆಯುತ್ತದೆ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಮೋಟಾರ್‌ನ ರಕ್ಷಣೆ ಯಾವ ಜಾಲವನ್ನೂ ನಂಬಿರಬಾರದು. ಸ್ಟಾರ್ ಆಗಲಿ, ಮೆಶ್ ಆಗಲಿ. ನೀರಿಲ್ಲದೆ ಓಡಿದರೆ ನಿಲ್ಲಿಸುವುದು, ಒಂದು ಫೇಸ್ ಹೋದರೆ ನಿಲ್ಲಿಸುವುದು, ಓವರ್‌ಲೋಡ್ ಆದರೆ ನಿಲ್ಲಿಸುವುದು, ಇಷ್ಟೂ ಪಂಪ್‌ಮನೆಯ ಪ್ಯಾನೆಲ್ಲಿನ ಒಳಗೇ ಇರಬೇಕು. ಜೊತೆಗೆ ಒಂದು ಕಾವಲು ಟೈಮರ್ ಹಾಕಿಸಿ. ಹತ್ತು ನಿಮಿಷಕ್ಕೊಮ್ಮೆ ‘ನಡೆಸು’ ಅನ್ನುವ ಆದೇಶ ಮತ್ತೆ ಬಾರದಿದ್ದರೆ ಮೋಟಾರ್ ತಾನಾಗಿ ನಿಲ್ಲಬೇಕು. ಜಾಲ ಸತ್ತರೆ ನೀರು ನಿಲ್ಲುತ್ತದೆ, ಹರಿಯುತ್ತಾ ಇರುವುದಿಲ್ಲ.

ಹೋದ ಕರೆಂಟ್ ಬಂದ ಕೂಡಲೇ ಮೋಟಾರ್ ಹೊಡೆದುಕೊಳ್ಳುವ ಆಟೋ ಕೂಡ ಎಚ್ಚರದಿಂದ ಬಳಸಿ. ಯಾರೋ ಅಲ್ಲಿ ಕೇಬಲ್ ಹಿಡಿದು ಕೂತಿರಬಹುದು. ಪಂಪ್‌ಮನೆಯಲ್ಲಿ ಕೈಯಿಂದ ಹಾಕುವ ಒಂದು ಸ್ವಿಚ್ ಇರಲಿ. ಅದು ‘ಬಂದ್’ ಕಡೆ ಇದ್ದರೆ ಫೋನ್ ಏನೇ ಹೇಳಿದರೂ ಮೋಟಾರ್ ಏಳಬಾರದು. ಪ್ರಾಣದ ವಿಷಯದಲ್ಲಿ ನಾನು ಯಾವ ರಾಜಿಗೂ ಒಪ್ಪುವುದಿಲ್ಲ.

ವಾಲ್ವ್‌ಗಳು ಬ್ಯಾಟರಿ ಮೇಲೆ ನಡೆಯಬೇಕಾದರೆ ಲ್ಯಾಚಿಂಗ್ ವಾಲ್ವ್ ತನ್ನಿ. ತೆರೆಯಲು ಒಂದು ಹೊಡೆತ, ಮುಚ್ಚಲು ಒಂದು ಹೊಡೆತ ಕರೆಂಟ್ ಸಾಕು. ಆದರೆ ಲೋರಾವಾನ್‌ನಲ್ಲಿ ನಿದ್ದೆ ಮಾಡುವ ಡಬ್ಬಿ ತಾನು ಮಾತಾಡಿದ ಮೇಲಷ್ಟೇ ಸ್ವಲ್ಪ ಹೊತ್ತು ಕಿವಿ ತೆರೆಯುತ್ತದೆ. ಹತ್ತು ನಿಮಿಷಕ್ಕೊಮ್ಮೆ ಏಳುವ ವಾಲ್ವ್‌ಗೆ ನಿಮ್ಮ ಆದೇಶ ಮುಟ್ಟಲು ಹತ್ತು ನಿಮಿಷ ಹಿಡಿಯಬಹುದು. ಡ್ರಿಪ್‌ಗೆ ಇದು ಏನೂ ತೊಂದರೆ ಅಲ್ಲ. ಆದರೆ ಸರದಿ ತಪ್ಪಬಾರದು. ವಾಲ್ವ್ ತೆರೆದೆ ಅನ್ನುವ ಉತ್ತರ ಬಂದ ಮೇಲೆ ಮೋಟಾರ್ ಶುರು, ಮೋಟಾರ್ ನಿಂತ ಮೇಲೆ ವಾಲ್ವ್ ಬಂದ್. ಎಲ್ಲ ವಾಲ್ವ್ ಮುಚ್ಚಿದ್ದಾಗ ಮೋಟಾರ್ ಓಡಿದರೆ ಒತ್ತಡಕ್ಕೆ ಜಾಯಿಂಟು ಬಿಡುತ್ತದೆ. ಮೋಟಾರ್ ಡಬ್ಬಿಗೆ ನಿದ್ದೆ ಮಾಡುವ ಬಗೆ ಬೇಡ, ಸದಾ ಕಿವಿ ತೆರೆದಿರುವ ‘ಕ್ಲಾಸ್ ಸಿ’ ಬೇಕು. ಅದಕ್ಕೊಂದು ಸಣ್ಣ ಬ್ಯಾಟರಿ ಇಡಿ, ಕರೆಂಟ್ ಇಲ್ಲದಾಗಲೂ ‘ಕರೆಂಟ್ ಇಲ್ಲ’ ಅಂತ ಹೇಳಲು.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಸಲಹೆ: ಲೋರಾವಾನ್ ಸ್ಟಾರ್ ಹಾಕಿ. ಗೇಟ್‌ವೇ ಮನೆಯ ಮೇಲೆ, ಪಂಪ್‌ಮನೆಯ ಒಳಗೆ ವೈರ್, ಮೊಬೈಲ್ ಸ್ಟಾರ್ಟರ್ ತೆಗೆಯಬೇಡಿ, ಅದು ಎರಡನೆಯ ದಾರಿಯಾಗಿ ಇರಲಿ. ಆದರೆ 12 ಸೆನ್ಸರ್ ಒಟ್ಟಿಗೆ ಕೊಳ್ಳಬೇಡಿ. ನಾಲ್ಕರಿಂದ ಶುರು ಮಾಡಿ, ಮೂರು ಮೆಣಸಿನಕಾಯಿಗೆ, ಒಂದು ಹಳ್ಳದ ಆಚೆ. ನಿಮ್ಮದು ಎರೆ ಭೂಮಿಯಾದರೆ ಇದು ಇನ್ನೂ ಮುಖ್ಯ. ಎರೆ ಒಣಗಿ ಬಿರಿದಾಗ ಸೆನ್ಸರ್ ಮತ್ತು ಮಣ್ಣಿನ ನಡುವೆ ಗಾಳಿ ಸೇರುತ್ತದೆ, ತಪ್ಪು ಸಂಖ್ಯೆ ತೋರಿಸುತ್ತದೆ. ಜಾಲ ಎಷ್ಟೇ ಗಟ್ಟಿ ಇದ್ದರೂ ತಪ್ಪು ಸಂಖ್ಯೆಯನ್ನೇ ಹೊತ್ತು ತರುತ್ತದೆ. ಯಾವ ಆಳಕ್ಕೆ ಹುಗಿಯಬೇಕು, ಎಷ್ಟು ತೇವಕ್ಕೆ ನೀರು ಬಿಡಬೇಕು ಅನ್ನುವುದನ್ನು ನಿಮ್ಮ ತಾಲೂಕಿನದೇ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ. ಅದು ನನ್ನ ಕ್ಷೇತ್ರವಲ್ಲ, ಅವರದು.

ದುಡ್ಡು ಕೊಡುವ ಮೊದಲು ಒಂದು ಪರೀಕ್ಷೆ ಮಾಡಿಸಿ. ಮಾರಾಟಗಾರರು ಒಂದು ಗೇಟ್‌ವೇ, ಒಂದು ಸೆನ್ಸರ್ ತರಲಿ. ಬೆಳೆ ಎದ್ದು ನಿಂತಿರುವಾಗಲೇ ತರಲಿ, ಕೊಯ್ಲಾದ ಬೋಳು ಹೊಲದಲ್ಲಿ ಬೇಡ. ಹಳ್ಳದ ಆಚೆಯ ಹೊಲದ ಅತಿ ದೂರದ ಬದುವಿನಲ್ಲಿ, ತಗ್ಗಿದ್ದರೆ ಆ ತಗ್ಗಿನಲ್ಲೇ ಸೆನ್ಸರ್ ನಿಲ್ಲಿಸಿ, ಒಂದು ದಿನ ಒಂದು ರಾತ್ರಿ ಬಿಡಿ. ಪ್ರತಿ ಸುದ್ದಿಗೂ ನಂಬರ್ ಇರುತ್ತದೆ. ನೂರಕ್ಕೆ 95ಕ್ಕಿಂತ ಜಾಸ್ತಿ ಮುಟ್ಟಿದರೆ ಮುಂದುವರಿಯಿರಿ. 80ರ ಆಸುಪಾಸು ಬಂದರೆ ಆಂಟೆನಾ ಇನ್ನೆರಡು ಮೀಟರ್ ಏರಿಸಿ ಮತ್ತೆ ನೋಡಿ. ಅದಕ್ಕೂ ಬಗ್ಗದಿದ್ದರೆ ಎರಡನೆಯ ಗೇಟ್‌ವೇ ಈಗಲೇ ಬೇಕು. ಆ ನಂಬರ್‌ಗಳ ಪಟ್ಟಿ, ನಿಮ್ಮ ಹೊಲದ ಒಂದು ಕೈನಕ್ಷೆ ಎರಡನ್ನೂ ಕಳಿಸಿಕೊಡಿ. ಕಂಬ ಎಲ್ಲಿ ನಿಲ್ಲಿಸಬೇಕು ಅಂತ ಅದನ್ನು ನೋಡಿ ಹೇಳುತ್ತೇನೆ.